ಕಬ್ಬಿನ ಹಾಲೂ ಮೋಟಾರು ಗಾಡಿಯೂ

ಈಚೆಗೆ ಮದ್ದೂರಿನ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಅರಳಿಕಟ್ಟೆಯ ಮೇಲೆ ಕುಳಿತಿದ್ದಾಗ ಹಿರಿಯರೊಬ್ಬರು ಕೇಳಿದರು: “ಸ್ವಾಮಿ, ನಮ್ ಕಬ್ಬಿನ ಹಾಲಿಂದ ಪೆಟ್ರೋಲ್ ಮಾಡ್ತಾರಂತೆ. ಹಂಗಾದ್ರೆ ಇನ್ಮೇಲೆ ಕಬ್ಬಿಗೆ ಚಿನ್ನದ ಬೆಲೆ ಬತ್ತದೆ ಅನ್ನಿ. ನಂದು ಎರಡೆಕರೆ ಖುಷ್ಕಿ ಅದೆ. ರಾಗಿ, ಅವರೆ ಹಾಕ್ತಾ ಇವ್ನಿ. ಸಾಲ ಮಾಡಿ ಒಂದು ಬೋರು ಹಾಕ್ಸಿ ಅದ್ನೂ ಕಬ್ಬು ಮಾಡಬುಡ್ಲಾ?” ಅವರು ಮಾತು ಮುಗಿಸುವುದರೊಳಗೆ ಪಕ್ಕದಲ್ಲಿದ್ದ ಅವರ ಅಳಿಯ ಬಾಯಿ ಹಾಕಿದ: “ಅದೇನ್ ಚಿನ್ನವೋ ಮಾವ, ಅದ್ನ ಬೆರ್ಸಿದ ಮೇಲೆ ನನ್ನ ಬೈಕು ಮೊದಲಿನಷ್ಟು ಓಡಾಕಿಲ್ಲ!”

ಮಾವ ಕೇಳಿದ್ದು ಬೆಳೆಯುವವನ ಪ್ರಶ್ನೆ, ಅಳಿಯ ಹೇಳಿದ್ದು ಕೊಂಡು ಸುಡುವವನ ದೂರು. ನಮ್ಮ ಎಷ್ಟೋ ಮನೆಗಳಲ್ಲಿ ಈ ಇಬ್ಬರೂ ಒಂದೇ ಸೂರಿನ ಕೆಳಗಿದ್ದಾರೆ. ಆದ್ದರಿಂದ ಈ ಹೊತ್ತು ಎಥನಾಲ್ ಎಂಬ ವಸ್ತುವಿನ ಲಾಭ ನಷ್ಟಗಳನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಎಥನಾಲ್ ಎಂದರೆ ಬೇರೇನೂ ಅಲ್ಲ, ಮದ್ಯಸಾರ. ಈಚಲ ಹೆಂಡ ಮಡಕೆಯಲ್ಲಿ ನೊರೆಯೇಳುವುದನ್ನು ಕಂಡವರಿಗೆ ಇದರ ಗುಟ್ಟು ಹೊಸದಲ್ಲ. ಸಿಹಿ ಇರುವ ಯಾವ ರಸಕ್ಕೇ ಆಗಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸೇರಿದರೆ, ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಹುದುಗಿದ ರಸವನ್ನು ಭಟ್ಟಿ ಇಳಿಸಿದರೆ ನೂರಕ್ಕೆ ತೊಂಬತ್ತೈದು ಪಾಲಿನಷ್ಟು ಮದ್ಯಸಾರ ಸಿಗುತ್ತದೆ. ಉಳಿದ ನೀರು ಸುಲಭವಾಗಿ ಬಿಡುವುದಿಲ್ಲ. ಆ ನೀರನ್ನೂ ಹೀರಿಸಿ, 99.5 ಪಾಲಿಗಿಂತ ಹೆಚ್ಚು ಶುದ್ಧ ಮಾಡಿದ ಮೇಲೆಯೇ ಅದು ಪೆಟ್ರೋಲಿಗೆ ಬೆರೆಸಲು ಯೋಗ್ಯ. ಈ ನೀರಿನ ಮಾತು ನೆನಪಿರಲಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಇದು ನಿನ್ನೆ ಮೊನ್ನೆಯ ಯೋಚನೆಯೂ ಅಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಪೆಟ್ರೋಲಿಗೆ ಮದ್ಯಸಾರ ಬೆರೆಸುವ ಸಲುವಾಗಿ ಪವರ್ ಆಲ್ಕೋಹಾಲ್ ಕಾಯಿದೆ ಬಂದಿತ್ತು. ಆಮೇಲೆ ಅದು ಮೂಲೆಗೆ ಬಿತ್ತು. 2003ರಲ್ಲಿ ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ ಐದು ಪಾಲು ಬೆರೆಸುವ ಕಾರ್ಯಕ್ರಮ ಮೊದಲಾಯಿತು. ಬಹಳ ವರ್ಷ ಕುಂಟುತ್ತ ನಡೆದು, 2022ರಲ್ಲಿ ದೇಶದಲ್ಲಿ ಹತ್ತು ಪಾಲಿಗೆ ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇಪ್ಪತ್ತು ಪಾಲಿನ ಪೆಟ್ರೋಲಿಗೆ ಚಾಲನೆ ಕೊಟ್ಟರು; 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಅದೇ ವಾಡಿಕೆಯಾಯಿತು.

ಈಗ ಮಾವನ ಪ್ರಶ್ನೆಗೆ ಬರೋಣ. ಕಬ್ಬಿನಿಂದ ಎಥನಾಲ್ ತೆಗೆಯುವ ದಾರಿ ಒಂದಲ್ಲ. ಸಕ್ಕರೆಯನ್ನು ಪೂರ್ತಿ ತೆಗೆದ ಮೇಲೆ ಉಳಿಯುವ ಕಡೆಯ ಕಾಕಂಬಿ ಒಂದು. ಇದನ್ನು ‘ಸಿ’ ಕಾಕಂಬಿ ಎನ್ನುತ್ತಾರೆ. ಸಕ್ಕರೆಯ ಅಂಶ ಇನ್ನೂ ಇರುವಾಗಲೇ ಎತ್ತಿಕೊಳ್ಳುವ ‘ಬಿ’ ಕಾಕಂಬಿ ಇನ್ನೊಂದು. ಸಕ್ಕರೆಯನ್ನೇ ಮಾಡದೆ ಕಬ್ಬಿನ ಹಾಲನ್ನು ನೇರವಾಗಿ ಹುದುಗಿಸುವುದು ಮೂರನೆಯದು. ಒಂದು ಟನ್ ಕಬ್ಬು ಅರೆದರೆ ಸುಮಾರು ನೂರು ಕಿಲೋ ಸಕ್ಕರೆಯೂ, ಅದರ ಕಡೆಯ ಕಾಕಂಬಿಯಿಂದ ಹತ್ತು ಲೀಟರಿನಷ್ಟು ಎಥನಾಲೂ ಸಿಗುತ್ತದೆ. ಅದೇ ಟನ್ನಿನ ಹಾಲನ್ನು ನೇರವಾಗಿ ಹುದುಗಿಸಿದರೆ ಸುಮಾರು ಎಪ್ಪತ್ತು ಲೀಟರು ಎಥನಾಲ್. ಆಗ ಸಕ್ಕರೆ ಇಲ್ಲ.

ಲಾಭ ಎಲ್ಲಿದೆ ಎಂದರೆ, ಮುಖ್ಯವಾಗಿ ಇಲ್ಲಿದೆ. ಕಬ್ಬು ವಿಪರೀತ ಬೆಳೆದ ವರ್ಷ ಸಕ್ಕರೆ ಗೋದಾಮಿನಲ್ಲಿ ರಾಶಿ ಬೀಳುತ್ತದೆ, ಬೆಲೆ ಕುಸಿಯುತ್ತದೆ, ಕಾರ್ಖಾನೆಯವರು “ದುಡ್ಡಿಲ್ಲ, ನಾಳೆ ಬನ್ನಿ” ಎನ್ನುತ್ತಾರೆ. ಆ ‘ನಾಳೆ’ ಎಷ್ಟು ಉದ್ದವೆಂಬುದು ಕಬ್ಬು ಕಡಿದು ಕಳಿಸಿದವರಿಗೆ ಗೊತ್ತು. ನಾನೂ ಒಂದು ವರ್ಷ ಮಗಳ ಮದುವೆ ಇಟ್ಟುಕೊಂಡು ಹಾಗೆ ಓಡಾಡಿದವನೇ. ಎಥನಾಲಿನ ಲೆಕ್ಕ ಬೇರೆ. ಕೊಳ್ಳುವವರು ಎಣ್ಣೆ ಕಂಪನಿಗಳು, ಬೆಲೆ ಮೊದಲೇ ಗೊತ್ತುಮಾಡಿದ್ದು, ಹಣ ಬೇಗ ಬರುತ್ತದೆ. ಸಕ್ಕರೆ ಮಾರಿ ಹಣ ಬರುವವರೆಗೆ ಕಾಯಬೇಕಾದ ಕಾರ್ಖಾನೆಗೆ ಇದು ಕೈಕಾಸು ಇದ್ದ ಹಾಗೆ. ಬಾಕಿ ತೀರುವುದು ಇದರಿಂದ ಸಲೀಸಾಗಬೇಕು. ಅನೇಕ ಕಡೆ ಆಗಿದೆ ಕೂಡ. ದೇಶದ ಮಟ್ಟಿಗೂ ಲಾಭವುಂಟು: ನಾವು ಬಳಸುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಹೊರದೇಶದ್ದು. ಅಲ್ಲಿಗೆ ಹೋಗುವ ಹಣದಲ್ಲಿ ಒಂದಿಷ್ಟು ಇಲ್ಲೇ ಉಳಿದರೆ ಯಾರಿಗೆ ಬೇಡ?

ಆದರೆ ಚಿನ್ನದ ಬೆಲೆ ಎಂಬ ಮಾತು ಬೇರೆ. 2022–23ನೇ ಸಾಲಿನಲ್ಲಿ ಕಬ್ಬಿನ ಹಾಲಿನಿಂದ ಮಾಡಿದ ಎಥನಾಲಿಗೆ ಲೀಟರಿಗೆ 65 ರೂಪಾಯಿ 61 ಪೈಸೆ ಗೊತ್ತುಮಾಡಿದ್ದರು. 2024–25ರಲ್ಲಿಯೂ ಅದೇ 65 ರೂಪಾಯಿ 61 ಪೈಸೆ. ಅದೇ ಅವಧಿಯಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡುವ ಕಬ್ಬಿನ ಬೆಲೆ, ನೂರಕ್ಕೆ 10.25 ಇಳುವರಿಯ ಮೇಲೆ, ಟನ್ನಿಗೆ 3,050ರಿಂದ 3,400ಕ್ಕೆ ಏರಿತು. ಎಪ್ಪತ್ತು ಲೀಟರಿನ ಲೆಕ್ಕ ಹಾಕಿ ನೋಡಿ: ಒಂದು ಟನ್ ಕಬ್ಬಿನ ಎಥನಾಲಿಗೆ ಸುಮಾರು 4,590 ರೂಪಾಯಿ. ಅದರಲ್ಲಿ ಕಬ್ಬಿನ ಬೆಲೆ, ಕೂಲಿ, ಯಂತ್ರದ ಖರ್ಚು, ಸಾಲದ ಬಡ್ಡಿ ಎಲ್ಲವೂ ಕಳೆಯಬೇಕು. ಹೀಗಾಗಿ ಎಥನಾಲ್ ಬಂದ ಮಾತ್ರಕ್ಕೆ ಬೆಳೆಗಾರನ ಬೆಲೆ ತಾನಾಗಿ ಏರಲಿಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಬೇಕೆಂದು ರಸ್ತೆಯಲ್ಲೇ ಕುಳಿತು, ಕೊನೆಗೆ 3,300ಕ್ಕೆ ಒಪ್ಪಿದ್ದನ್ನು ತಾವು ಬಲ್ಲಿರಿ. ಎಥನಾಲ್ ಘಟಕಗಳಿದ್ದೂ ಹಾಗೆ ಕೂರಬೇಕಾಯಿತು.

ಮುಸುಕಿನ ಜೋಳದ ಕತೆಯೂ ಇಂಥದೇ. ಉತ್ತರದ ಕಡೆಯವರು ಗೋವಿನಜೋಳ ಎನ್ನುತ್ತಾರಲ್ಲ, ಅದೇ. ಒಂದು ಟನ್ ಜೋಳದಿಂದ ಸುಮಾರು 380 ಲೀಟರು ಎಥನಾಲ್ ಇಳಿಯುತ್ತದೆ. ಉಳಿದ ಚರಟ ದನಕ್ಕೂ ಕೋಳಿಗೂ ಮೇವು. 2024–25ರಲ್ಲಿ ಜೋಳದ ಎಥನಾಲಿಗೆ ಲೀಟರಿಗೆ 71 ರೂಪಾಯಿ 86 ಪೈಸೆ ಕೊಟ್ಟರು, ಎಲ್ಲಕ್ಕಿಂತ ಹೆಚ್ಚು. ಬೇಡಿಕೆ ಎಷ್ಟು ಬಂತೆಂದರೆ, ಜೋಳ ಹೊರಗೆ ಕಳಿಸುತ್ತಿದ್ದ ದೇಶ 2024ರಲ್ಲಿ ಹೊರಗಿನಿಂದ ತರಿಸುವ ಹಾಗಾಯಿತು. ಕೋಳಿ ಸಾಕುವವರು ಮೇವಿನ ಬೆಲೆ ಏರಿತೆಂದು ಗೋಳಾಡಿದರು. ಇದನ್ನು ನಂಬಿ ನಮ್ಮ ರೈತರು ಜೋಳ ಹಾಕಿದರು. 2025ರ ಕೊನೆಯಲ್ಲಿ ಫಸಲು ಬಂದಾಗ ಬೆಂಬಲ ಬೆಲೆ ಕ್ವಿಂಟಲಿಗೆ 2,400 ಇದ್ದರೂ, ಹಾವೇರಿ, ದಾವಣಗೆರೆ ಸೀಮೆಯಲ್ಲಿ ಎರಡು ಸಾವಿರಕ್ಕೂ ಕೆಳಗೆ ಮಾರಿದವರು ಬಹಳ ಮಂದಿ. ಒಂದು ವರ್ಷದ ಬೇಡಿಕೆಯನ್ನು ಕಂಡು ಮರುವರ್ಷದ ಹೊಲ ತುಂಬಿಸುವುದು ಹೀಗೆ ಕೈ ಕೊಡುತ್ತದೆ.

ಬ್ರೆಜಿಲ್ ದೇಶದವರು ಇದನ್ನು ಬಹಳ ಹಿಂದೆಯೇ ಅನುಭವಿಸಿದರು. 1975ರಲ್ಲಿ ಅವರು ಕಬ್ಬಿನ ಎಥನಾಲಿನ ದೊಡ್ಡ ಯೋಜನೆ ಹೂಡಿ, ಅದರಿಂದಲೇ ಓಡುವ ಕಾರುಗಳನ್ನು ಮಾಡಿದರು. ಸಕ್ಕರೆಗೆ ಬೆಲೆ ಬಂದಾಗ ಕಾರ್ಖಾನೆಗಳು ಸಕ್ಕರೆಯ ಕಡೆ ತಿರುಗಿದವು. 1989ರ ಸುಮಾರಿಗೆ ಬಂಕುಗಳಲ್ಲಿ ಎಥನಾಲ್ ಸಿಗದೆ ಕಾರಿನವರು ಸಾಲು ನಿಂತರು. 2003ರಿಂದ ಎರಡರಲ್ಲಿ ಯಾವುದನ್ನು ಹಾಕಿದರೂ ಓಡುವ ಕಾರುಗಳು ಬಂದ ಮೇಲೆ ಜನರಿಗೆ ಮತ್ತೆ ನಂಬಿಕೆ ಹುಟ್ಟಿತು. ಅಲ್ಲಿನ ಕಬ್ಬು ಹೆಚ್ಚಾಗಿ ಮಳೆಯಲ್ಲೇ ಬೆಳೆಯುತ್ತದೆ ಎಂಬುದನ್ನು ಮರೆಯಬಾರದು. ನಮ್ಮದು ಹಾಗಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಈ ನೀರಿನದೇ. ನೀತಿ ಆಯೋಗದವರು 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕಬ್ಬಿನಿಂದ ಒಂದು ಲೀಟರು ಎಥನಾಲ್ ಆಗಬೇಕಾದರೆ ಸುಮಾರು 2,860 ಲೀಟರು ನೀರು ಬೇಕು. ಎಕರೆಗೆ ನಲವತ್ತು ಟನ್ ಕಬ್ಬು ಎಂದಿಟ್ಟುಕೊಂಡರೆ ಇದು ಎಂಬತ್ತು ಲಕ್ಷ ಲೀಟರಾಯಿತು. ಆ ನೀರನ್ನು ಅದೇ ಎಕರೆಗೆ ಬದು ಕಟ್ಟಿ ಒಂದೇ ಸಲ ನಿಲ್ಲಿಸಿದರೆ ಒಬ್ಬ ಆಳು ಮುಳುಗಬಹುದು, ಎರಡು ಮೀಟರು ಆಳ. ಮಂಡ್ಯ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆ ಏಳುನೂರು ಮಿಲಿಮೀಟರಿನ ಆಸುಪಾಸು, ಎಂದರೆ ಮೊಣಕಾಲಿಗಿಂತ ಸ್ವಲ್ಪ ಮೇಲೆ. ಉಳಿದದ್ದು ನಾಲೆಯಿಂದ ಬರಬೇಕು, ಇಲ್ಲವೇ ಭೂಮಿಯ ಹೊಟ್ಟೆಯಿಂದ.

2023ರಲ್ಲಿ ಮಳೆ ಕೈಕೊಟ್ಟು ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿದರು. ಕಬ್ಬು ಕಡಿಮೆಯಾಗಿ ಸಕ್ಕರೆ ಸಾಲದೆಂಬ ಭಯ ಹುಟ್ಟಿತು. ಅದೇ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ತಡೆ ಹಾಕಿತು. 2024ರ ಆಗಸ್ಟಿನಲ್ಲಿ ಆ ತಡೆ ತೆಗೆದರು. ಊಟದ ಪ್ರಶ್ನೆ ಬಂದಾಗ ಗಾಡಿಯ ಪ್ರಶ್ನೆ ಹಿಂದೆ ಸರಿಯಿತು. ಅದು ಸರಿಯೇ. ಆದರೆ ಸಾಲ ತಂದು ಬೋರು ಕೊರೆಸಿದವನ ಕಂತು ಹಿಂದೆ ಸರಿಯುವುದಿಲ್ಲವಲ್ಲ! ಆ ಹಿರಿಯರಿಗೆ ನಾನು ಹೇಳಿದ್ದೂ ಇದನ್ನೇ: “ನಾಲೆ ನೀರಿನ ಗದ್ದೆಯಲ್ಲಿ ಕಬ್ಬು ಹಾಕೋದು ನಿಮ್ಮಿಷ್ಟ ಯಜಮಾನರೇ. ಹನಿ ನೀರಾವರಿ ಮಾಡಿ, ತರಗು ಸುಡಬೇಡಿ, ಅದನ್ನು ಸಾಲಿನ ನಡುವೆ ಹರಡಿ, ನೀರು ಉಳಿಯುತ್ತೆ. ಎಥನಾಲ್ ನಂಬಿಕೊಂಡು ಖುಷ್ಕಿಗೆ ಹೊಸ ಬೋರು ಮಾತ್ರ ಬೇಡಿ. ರಾಗಿ ಕಣಜದಲ್ಲಿರಲಿ.” ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. “ನೋಡಾನ” ಅಂದರು.

ಮದ್ಯಸಾರದ ಕಾರ್ಖಾನೆಯ ನೆರೆಹೊರೆಯಲ್ಲಿರುವವರಿಗೆ ಇನ್ನೊಂದು ಮಾತು. ಕಾಕಂಬಿಯಿಂದ ಒಂದು ಲೀಟರು ಎಥನಾಲ್ ತೆಗೆದರೆ ಸುಮಾರು ಎಂಟರಿಂದ ಹದಿನೈದು ಲೀಟರು ಕಂದು ಬಣ್ಣದ ಕೊಳೆನೀರು ಉಳಿಯುತ್ತದೆ. ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತದೆ, ಬಾವಿ ನೀರು ಕೆಡುತ್ತದೆ. ಅದನ್ನೇ ಗಟ್ಟಿ ಮಾಡಿ ಒಲೆಯಲ್ಲಿ ಸುಟ್ಟರೆ, ಬರುವ ಬೂದಿಯಲ್ಲಿ ಪೊಟ್ಯಾಷ್ ಇರುತ್ತದೆ, ಅದು ಗೊಬ್ಬರ. ಹೊಸ ಘಟಕಗಳು ಹೊರಗೆ ಒಂದು ಹನಿಯನ್ನೂ ಬಿಡಕೂಡದು. ಬಿಟ್ಟರೆ ಪಂಚಾಯಿತಿಯವರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಕೊಡಬೇಕು.

ಇನ್ನು ಅಳಿಯನ ದೂರು. ಅವನು ಹೇಳಿದ್ದು ಸುಳ್ಳಲ್ಲ. ಒಂದು ಲೀಟರು ಎಥನಾಲಿನಲ್ಲಿರುವ ಕಸುವು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಇಪ್ಪತ್ತು ಪಾಲು ಬೆರೆಸಿದ ಮೇಲೆ ಓಟ ಸ್ವಲ್ಪ ಕಡಿಮೆಯಾಗಲೇಬೇಕು. ಹಳೆಯ ಮಾದರಿಯ ದ್ವಿಚಕ್ರ ವಾಹನಗಳಲ್ಲಿ ನೂರಕ್ಕೆ ಮೂರು ನಾಲ್ಕು, ಕಾರುಗಳಲ್ಲಿ ಆರೇಳು ಪಾಲು ಇಳಿಯಬಹುದೆಂದು ಅದೇ ವರದಿ ಹೇಳಿದೆ. ಲೀಟರಿಗೆ ಐವತ್ತು ಕಿಲೋಮೀಟರು ಓಡುತ್ತಿದ್ದ ಬೈಕಿಗೆ ಎರಡು ಕಿಲೋಮೀಟರಿನಷ್ಟು ಖೋತಾ. ಅದಕ್ಕಿಂತ ಬಹಳ ಹೆಚ್ಚು ಇಳಿದಿದ್ದರೆ ದೋಷ ಬೇರೆಲ್ಲೋ ಇದೆ, ಮೆಕ್ಯಾನಿಕ್ಕಿಗೆ ತೋರಿಸಿ. ಎಂಜಿನ್ನು ಬಡಿದುಕೊಳ್ಳದೆ ಉರಿಯುವುದು, ಹೊಗೆಯಲ್ಲಿ ವಿಷಾನಿಲ ಕಡಿಮೆಯಾಗುವುದು ಎಥನಾಲಿನ ಒಳ್ಳೆಯ ಗುಣಗಳು. ಕಸುವು ಕಡಿಮೆಯಿದ್ದ ಮೇಲೆ ಬಂಕಿನಲ್ಲಿ ಬೆಲೆಯೂ ಅಷ್ಟು ಕಡಿಮೆಯಿರಬೇಕಲ್ಲವೇ ಎಂದು ಅವನು ಕೇಳಿದ. ನ್ಯಾಯವಾದ ಮಾತೇ. ನನ್ನಲ್ಲಿ ಉತ್ತರವಿರಲಿಲ್ಲ.

ಡೀಸೆಲ್ ಟ್ರ್ಯಾಕ್ಟರಿಗೂ ಡೀಸೆಲ್ ಪಂಪಿಗೂ ಇದರ ಬಾಧೆಯಿಲ್ಲ. ಎಚ್ಚರ ಬೇಕಾದ್ದು ಪೆಟ್ರೋಲಿನಿಂದ ನಡೆಯುವ ಔಷಧಿ ಸಿಂಪಡಿಸುವ ಯಂತ್ರ, ಕಳೆ ಕತ್ತರಿಸುವ ಯಂತ್ರ, ಹಳೆಯ ಸಣ್ಣ ಪಂಪುಗಳಿಗೆ. ಮದ್ಯಸಾರ ನೀರನ್ನು ಬಲು ಬೇಗ ಹೀರುತ್ತದೆ ಎಂದೆನಲ್ಲ. ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದ ಕ್ಯಾನಿನಲ್ಲಿ ಪೆಟ್ರೋಲ್ ಇಟ್ಟರೆ ನೀರು ಸೇರುತ್ತದೆ. ಹೆಚ್ಚಾದಾಗ ನೀರೂ ಎಥನಾಲೂ ಕೂಡಿ ತಳಕ್ಕೆ ಇಳಿದುಬಿಡುತ್ತವೆ. ಯಂತ್ರ ಮೊದಲು ಎಳೆದುಕೊಳ್ಳುವುದು ಆ ತಳದ್ದನ್ನೇ. ಹೊತ್ತಿಕೊಳ್ಳುವುದಿಲ್ಲ, ಒಳಗೆ ತುಕ್ಕು ಹಿಡಿಯುತ್ತದೆ, ಹಳೆಯ ರಬ್ಬರು ಕೊಳವೆ ಉಬ್ಬಿ ಬಿರಿಯುತ್ತದೆ. ಆದ್ದರಿಂದ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಗಾಜಿನ ಸೀಸೆಗೆ ಸ್ವಲ್ಪ ಬಸಿದು ನೋಡಿ, ಎರಡು ಪದರ ಕಂಡರೆ ಯಂತ್ರಕ್ಕೆ ಹಾಕಬೇಡಿ. ಹಂಗಾಮು ಮುಗಿದು ಯಂತ್ರವನ್ನು ಅಟ್ಟಕ್ಕೆ ಏರಿಸುವ ಮುಂಚೆ ಟ್ಯಾಂಕನ್ನು ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರನ್ನೂ ಒಣಗಿಸಿ. ಬೀಡಿ ದೂರವಿರಲಿ.

ಕಬ್ಬು ಕಳಿಸುವವರು ಮರೆಯದೆ ಕೇಳಬೇಕಾದ್ದು ಇನ್ನೊಂದುಂಟು. ಕಾರ್ಖಾನೆ ‘ಬಿ’ ಕಾಕಂಬಿಯನ್ನಾಗಲಿ ಹಾಲನ್ನಾಗಲಿ ಎಥನಾಲಿಗೆ ತಿರುಗಿಸಿದರೆ ಚೀಲಕ್ಕೆ ಬೀಳುವ ಸಕ್ಕರೆ ಕಡಿಮೆಯಾಗಿ, ಇಳುವರಿಯೂ ಕಡಿಮೆ ಕಾಣುತ್ತದೆ. ನಮ್ಮ ಬೆಲೆ ಇಳುವರಿಯ ಮೇಲೆ ನಿಂತಿದೆ. ಎಥನಾಲಿಗೆ ಹೋದ ಸಕ್ಕರೆಯನ್ನು ಮರಳಿ ಇಳುವರಿಗೆ ಕೂಡಿಸಿಯೇ ಲೆಕ್ಕ ಮಾಡಬೇಕು. ಕೂಡಿಸಿದ್ದಾರೋ ಇಲ್ಲವೋ, ಎಷ್ಟು ಕೂಡಿಸಿದ್ದಾರೆ, ಈ ವಿವರವನ್ನು ನಾಲ್ಕು ಜನ ಒಟ್ಟಾಗಿ ಹೋಗಿ ಕಬ್ಬು ಅಭಿವೃದ್ಧಿ ಅಧಿಕಾರಿಗಳಿಂದ ಬರವಣಿಗೆಯಲ್ಲಿ ಪಡೆಯಿರಿ. ಅರೆಯುವ ಹಂಗಾಮು ಶುರುವಾಗುವ ಮೊದಲೇ ಕೇಳಿದರೆ ಇನ್ನೂ ಒಳ್ಳೆಯದು.