ಮರಿಗಳ ರಕ್ತಭೇದಿ



ಮಳೆಗಾಲ ಬಂತು ಅಂದ್ರೆ ಕೋಳಿಮರಿ ಸಾಯೋದು ಶುರು. ಸಂತೆಯ ಉಪ್ಪು, ಎಣ್ಣೆ, ಮಕ್ಕಳ ಪುಸ್ತಕ ಎಲ್ಲಾ ಕೋಳಿ ದುಡ್ಡಿನಲ್ಲೇ ತಾನೆ? ದೃಷ್ಟಿ ಆಯ್ತು ಅಂತ ನಾವು ಮೆಣಸಿನಕಾಯಿ ನಿವಾಳಿಸ್ತೀವಿ. ದೃಷ್ಟಿ ಅಲ್ಲ.

3ರಿಂದ 6 ವಾರದ ಮರಿ. ರೆಕ್ಕೆ ಜೋಲು ಬಿಟ್ಟು ಮೂಲೆಯಲ್ಲಿ ಮುದುಡಿ ಕೂರುತ್ತದೆ. ಹಿಕ್ಕೆಯಲ್ಲಿ ರಕ್ತ ಕಾಣುತ್ತದೆ. ಇದೇ ರಕ್ತಭೇದಿ. ಕಣ್ಣಿಗೆ ಕಾಣದ ಜೀವಿಯೊಂದು ಮರಿಯ ಕರುಳನ್ನು ಹಾಳು ಮಾಡುತ್ತದೆ. ಅದರ ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ತೇವ ಸಿಕ್ಕರೆ ಒಂದೆರಡು ದಿನದಲ್ಲೇ ಬಲಿಯುತ್ತದೆ. ಇನ್ನೊಂದು ಮರಿ ಕೆದಕುವಾಗ ಅದನ್ನು ನುಂಗುತ್ತದೆ. ಅದಕ್ಕೇ ಗೂಡಿನ ನೆಲ ಒಣಗಿರಬೇಕು. ಒದ್ದೆ ಹೊಟ್ಟು ತೆಗೆದು ಒಣ ಹೊಟ್ಟು ಹಾಕೋಣ. ನೀರಿನ ತಟ್ಟೆ ಕಲ್ಲಿನ ಮೇಲಿಡೋಣ. ನೀರು ಚೆಲ್ಲಬಾರದು, ಅದರೊಳಗೆ ಹಿಕ್ಕೆ ಬೀಳಬಾರದು.

ರೋಗದ ಮರಿಯನ್ನು ಬೇರೆ ಇಟ್ಟು ಪಶು ಆಸ್ಪತ್ರೆಗೆ ಹೋಗೋಣ. ಆಂಪ್ರೋಲಿಯಂ ಎಂಬ ಔಷಧಿ ಇದೆ. ಕುಡಿಯುವ ನೀರಿಗೆ ಬೆರೆಸುವುದು. ಗೂಡಿನ ಉಳಿದ ಮರಿಗಳಿಗೂ ಕೊಡಬೇಕು. ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳೋಣ. ಈಗ ನಮಗೆ ಓದೋಕೆ ಬರುತ್ತಲ್ಲ!

ಹಸಿರು ಭೇದಿಯಾಗಿ ಕತ್ತು ತಿರುಚಿದರೆ ಅದು ಬೇರೆ, ಕೊಕ್ಕರೆ ರೋಗ ಇರಬಹುದು. ಅದಕ್ಕೆ ಮದ್ದಿಲ್ಲ. ಮೊದಲೇ ಲಸಿಕೆ ಹಾಕಿಸಿರಬೇಕು.