ಮಾತಿನ ಮದ್ದಿಗೆ ಅಳತೆಯುಂಟೆ?



ಔಷಧದ ಅಂಗಡಿಯಲ್ಲಿ ಕೊಳ್ಳುವ ಗುಳಿಗೆಯ ಪಟ್ಟಿಯ ಮೇಲೆ ಇಷ್ಟು ಮಿಲಿಗ್ರಾಂ ಎಂದು ಅಚ್ಚಾಗಿರುತ್ತದೆ. ಚಿಂತಾಮಣಿಯಲ್ಲಿ ಕೊಂಡರೂ ಗೌರಿಬಿದನೂರಿನಲ್ಲಿ ಕೊಂಡರೂ ಅದು ಅಷ್ಟೇ. ಆದರೆ ಸ್ಕಿಜೋಫ್ರೀನಿಯದಂಥ ತೀವ್ರ ಮನೋರೋಗಕ್ಕೆ ಗುಳಿಗೆಯೊಂದೇ ಸಾಲದು. ರೋಗವೇನೆಂಬುದನ್ನು ಮನೆಯವರಿಗೆ ತಿಳಿಯಹೇಳಬೇಕು. ನಿದ್ರೆ ಕೆಡುವುದೇ ಮೊದಲಾದ ಮುನ್ಸೂಚನೆಗಳನ್ನು ಗುರುತಿಸಲು ಕಲಿಸಬೇಕು. ಸ್ನಾನ, ಅಡಿಗೆ, ಸಂತೆ, ಸಂಪಾದನೆ ಇವುಗಳಿಗೆ ರೋಗಿಯನ್ನು ಮೆಲ್ಲಮೆಲ್ಲನೆ ಮರಳಿ ತರಬೇಕು. ಮನೋಸಾಮಾಜಿಕ ಚಿಕಿತ್ಸೆಯೆಂದರೆ ಇದೇ. ಇದನ್ನು ಕೊಟ್ಟರೋ ಇಲ್ಲವೋ, ಕೊಟ್ಟರೆ ಎಷ್ಟು ಕೊಟ್ಟರು ಎಂಬುದನ್ನು ಯಾವ ತಕ್ಕಡಿಯಲ್ಲಿ ತೂಗೋಣ?

ನಮ್ಮ ನಾಡಿಗೆ ಈ ಕೆಲಸ ಹೊಸದಲ್ಲ. ನಿಮ್ಹಾನ್ಸ್ ಸಂಸ್ಥೆ 1970ರ ದಶಕದಲ್ಲಿ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗದ ಪಾಠ ಹೇಳಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವು 1996ರಲ್ಲಿ ರಾಷ್ಟ್ರದ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ಶಿಡ್ಲಘಟ್ಟದಲ್ಲಿಯೇ ರಿಚ್‌ಮಂಡ್ ಫೆಲೋಶಿಪ್ ಸೊಸೈಟಿಯ ಶಾಖೆ ಹಳ್ಳಿಗಾಡಿನ ರೋಗಿಗಳ ಪುನರ್ವಸತಿಗಾಗಿ ದುಡಿದಿದೆ.

ಆದರೆ ಪಾಠವು ಕೈಯಿಂದ ಕೈಗೆ ದಾಟುವಾಗ ಸವೆಯುತ್ತದೆ. ಓಲೆಗರಿಯಿಂದ ಓಲೆಗರಿಗೆ ಇಳಿಸಿದ ಕಾವ್ಯದಲ್ಲಿ ಪಾಠಾಂತರಗಳು ಹುಟ್ಟಿದ್ದು ಹೀಗೆಯೇ. ಒಬ್ಬ ಲಿಪಿಕಾರ ಅಕ್ಷರ ಬಿಟ್ಟ, ಮುಂದಿನವನು ಪದ್ಯವನ್ನೇ ಬಿಟ್ಟ. ಅಮೆರಿಕದ ಮ್ಯಾಡಿಸನ್ ನಗರದಲ್ಲಿ 1970ರ ದಶಕದಲ್ಲಿ, ವೈದ್ಯರ ತಂಡವೇ ರೋಗಿಯಿದ್ದಲ್ಲಿಗೆ ಹೋಗುವ ಪದ್ಧತಿ ಬೆಳೆಯಿತು. ಅದು ಊರೂರಿಗೆ ಹಬ್ಬಿದಾಗ ಕೆಲವೆಡೆ ಹೆಸರಷ್ಟೇ ಉಳಿಯಿತು. ಆದುದರಿಂದ 1998ರಲ್ಲಿ ಅಲ್ಲಿನ ವಿದ್ವಾಂಸರು 28 ಅಂಶಗಳ ಒಂದು ಅಳತೆಗೋಲನ್ನು ಪ್ರಕಟಿಸಿದರು. ಒಬ್ಬ ಕಾರ್ಯಕರ್ತನಿಗೆ ರೋಗಿಗಳೆಷ್ಟು? ಭೇಟಿ ಕಚೇರಿಯಲ್ಲೋ, ರೋಗಿಯ ಬೀದಿಯಲ್ಲೋ? ವಾರಕ್ಕೆ ಎಷ್ಟು ಹೊತ್ತು? ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ರೋಗಿಯನ್ನು ಅವನು ಬಯಸಿದ ಉದ್ಯೋಗಕ್ಕೆ ಸೇರಿಸುವ ಇನ್ನೊಂದು ಪದ್ಧತಿಯಲ್ಲಂತೂ, ಅಳತೆಗೋಲಿನಲ್ಲಿ ಹೆಚ್ಚು ಅಂಕ ಪಡೆದ ಕಡೆ ಹೆಚ್ಚು ಜನಕ್ಕೆ ಕೆಲಸ ದೊರೆತದ್ದು ಕಂಡುಬಂದಿದೆ.

ಉಪಾಧ್ಯಾಯನಾದ ನನಗೆ ಈ ಸಂಗತಿ ಸುಲಭವಾಗಿ ಅರ್ಥವಾಗುತ್ತದೆ. ದಿನಚರಿಯಲ್ಲಿ 'ಸಂಧಿಪ್ರಕರಣ ಮುಗಿಯಿತು' ಎಂದು ಬರೆಯುವುದಕ್ಕೆ ಅರೆ ನಿಮಿಷ ಸಾಕು. ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಕುಳಿತ ದಿನ ಪಾಠ ಸೊಗಸಾಗಿಯೇ ನಡೆಯುತ್ತದೆ, ಆ ಮಾತು ಬೇರೆ! ಆದಕಾರಣ ಒಪ್ಪಿಗೆ ಪಡೆದು ಸಂಭಾಷಣೆಗಳನ್ನು ಧ್ವನಿಮುದ್ರಿಸಿ, ಅವುಗಳಲ್ಲಿ ಯಾವುದೋ ಕೆಲವನ್ನು ಆರಿಸಿ ಕೇಳುವ ಕ್ರಮವಿದೆ. ಮನೆಯವರನ್ನೂ ವಿಚಾರಿಸುತ್ತಾರೆ. ನನ್ನ ಮಟ್ಟಿಗೆ ಇದೇ ಹೆಚ್ಚು ನಂಬತಕ್ಕದ್ದು.

ಹಾಗೆಂದು ಹೊರನಾಡಿನ ಕೋಲನ್ನು ಇಲ್ಲಿ ಹಾಗೆಯೇ ನೆಡಲಾಗದು. ಆ ಅಳತೆಯಲ್ಲಿ ಹತ್ತು ರೋಗಿಗಳಿಗೆ ಒಬ್ಬ ಕಾರ್ಯಕರ್ತನಿದ್ದರೆ ಪೂರ್ಣಾಂಕ. ನಮ್ಮ ತಾಲ್ಲೂಕುಗಳಿಗೆ ಅದು ದೂರದ ಮಾತು. ಅಲ್ಲಿನ ಉದ್ಯೋಗ ಬೇರೆ, ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಬೇರೆ. ಕೆಲಸ ಯಾವುದೆಂಬುದು ಬದಲಾಗಲಿ. ಅದನ್ನು ರೋಗಿಯ ಇಚ್ಛೆ ಕೇಳಿಯೇ ಆರಿಸಬೇಕೆಂಬುದು ಬದಲಾಗಕೂಡದು. ಯಾವುದು ವ್ಯಾಖ್ಯಾನ, ಯಾವುದು ಮೂಲ ಎಂಬ ವಿವೇಕ ಬೇಕು.

ಇಷ್ಟು ಹಟವೇಕೆಂದರೆ, ಪುಸ್ತಕದಲ್ಲಿ 'ಸಮಾಲೋಚನೆ ಕೊಡಲಾಯಿತು' ಎಂದಿದ್ದು ಹುಡುಗ ಗುಣವಾಗದಿದ್ದರೆ, ಚಿಕಿತ್ಸೆಯೇ ಫಲಿಸಲಿಲ್ಲವೆಂದು ತಾಯಿ ಆಸೆ ಬಿಡುತ್ತಾಳೆ. ಅವಳಿಗೆ ದೊರೆತದ್ದು ಬಾಗಿಲಲ್ಲಿ ನಿಂತು ಆಡಿದ ಐದು ನಿಮಿಷದ ಮಾತಾಗಿದ್ದಿರಬಹುದು. ನಿಮ್ಮ ನೆಂಟರಿಷ್ಟರಲ್ಲಿ ಇಂಥ ಮನೆಯಿದ್ದರೆ, ಮುನ್ಸೂಚನೆಗಳು ಯಾವುವು, ಅವು ಕಂಡಾಗ ಯಾರ ಬಳಿಗೆ ಹೋಗಬೇಕು ಎಂದು ಆ ತಾಯಿಯನ್ನು ಕೇಳಿ ನೋಡಿ. ಅವಳಿಗೆ ತಿಳಿಯದಿದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಎರಡು ಪ್ರಶ್ನೆಗಳನ್ನೇ ಅವಳು ಮೊದಲು ಕೇಳಲಿ.