ಕೊಬ್ಬರಿ ಸುಲಿಸುವ ದಿನ



ಆರೋಗ್ಯದ ಕೆಲಸದಲ್ಲಿರುವ ಹೆಣ್ಣುಮಕ್ಕಳು ಮನೆಯನ್ನೂ ಡ್ಯೂಟಿಯನ್ನೂ ಹೇಗೆ ತೂಗಿಸಿಕೊಂಡು ಹೋಗಬೇಕು ಎಂಬುದರ ಬಗ್ಗೆ ಮಾತಾಡಿ ಎಂದು ಕರೆದಿರಿ. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು ನಾನು. ‘ತೂಗಿಸಿಕೊಂಡು ಹೋಗಮ್ಮ’ ಎಂಬ ಮಾತನ್ನು ತವರಿನಲ್ಲಿ ಕೇಳಿದ್ದೇನೆ, ಅತ್ತೆಮನೆಯಲ್ಲಿ ಕೇಳಿದ್ದೇನೆ, ಮೇಲಧಿಕಾರಿಗಳ ಮೀಟಿಂಗಿನಲ್ಲೂ ಕೇಳಿದ್ದೇನೆ. ಆ ಮಾತಿನ ಮೇಲೆ ನನಗೆ ತಕರಾರಿದೆ. ಯಾಕೆಂದು ಹೇಳಲು ಒಂದು ದಿನದ ಕಥೆ ಸಾಕು.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೊಬ್ಬರಿ ಸುಲಿಸುವ ದಿನ ಎಂದರೇನು ಎಂಬುದು ನಿಮಗೆ ಗೊತ್ತು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುವ ಕಾಯಿಯನ್ನು ಇಳಿಸಬೇಕು. ಮಟ್ಟೆ ಸುಲಿದು, ಚಿಪ್ಪು ಬಿಡಿಸಿ, ಉಂಡೆ ಒಡೆಯದ ಹಾಗೆ ತೆಗೆಯಬೇಕು. ಆಳು ಸಿಕ್ಕಿದ ದಿನವೇ ಅದು ಆಗಬೇಕು. ಮನೆಯ ವರ್ಷದ ದುಡ್ಡು ಅವತ್ತು ಅಂಗಳದಲ್ಲಿ ಬಿದ್ದಿರುತ್ತದೆ. ಆಳುಗಳಿಗೆ ಬೆಳಗ್ಗೆ ತಿಂಡಿ, ಮಧ್ಯಾಹ್ನ ಮುದ್ದೆ ಸಾರು, ನಡುವೆ ಎರಡು ಸಲ ಕಾಫಿ. ಒಲೆ ಆರುವ ಹಾಗಿಲ್ಲ.

ತುರುವೇಕೆರೆ ಕಡೆಯ ಒಂದು ಹಳ್ಳಿಯಲ್ಲಿ ಅಂಥ ದಿನ ಒಬ್ಬ ಆಶಾ ಕಾರ್ಯಕರ್ತೆ ಮುದ್ದೆಗೆ ಎಸರಿಟ್ಟಿದ್ದಳು. ಹಿಟ್ಟು ಹಾಕಿ, ಕೋಲು ಹಿಡಿದು ತೊಳಸುತ್ತಿದ್ದಾಗ ಫೋನು ಬಂತು. ಊರಾಚೆ ತೋಟದ ಮನೆಯ ಚೊಚ್ಚಲ ಬಸುರಿಗೆ ನೋವು ಶುರುವಾಗಿತ್ತು. ಹಿಟ್ಟು ಹಾಕಿದ ಮೇಲೆ ಕೈಬಿಟ್ಟರೆ ಮುದ್ದೆ ಗಂಟಾಗುತ್ತದೆ. ಅವಳು ಕೋಲು ಬಿಟ್ಟು, 108ಕ್ಕೆ ಫೋನು ಮಾಡಿ, ತಾಯಿ ಕಾರ್ಡು ಹುಡುಕಿಸಿ ಅದೇ ಗಾಡಿ ಹತ್ತಿದಳು. “ಕೊಬ್ಬರಿ ಸುಲಿಸೋ ದಿನವೇ ಸಿಕ್ತಾ ನಿಂಗೆ?” ಎಂದು ಗಂಡ ಹಿಂದಿನಿಂದ ಕೂಗಿದನಂತೆ. ತಾಲ್ಲೂಕು ಆಸ್ಪತ್ರೆಯಿಂದ ತುಮಕೂರಿಗೆ ಕಳಿಸಿದರು. ರಾತ್ರಿಯೆಲ್ಲ ಅಲ್ಲಿ. ತಾಯಿ ಮಗು ಇಬ್ಬರೂ ಉಳಿದರು.

ಕೆಲವು ದಿನ ಬಿಟ್ಟು ನನ್ನ ಹತ್ತಿರ ಬಂದು ಅವಳು ಹೇಳಿದ್ದು ಇದು: “ಸಿಸ್ಟರ್, ಮಗೂನ ಕೈಗೆ ಕೊಟ್ರು. ಹೆಣ್ಣು ಮಗು, ಚೆನ್ನಾಗಿತ್ತು. ನಂಗೆ ಏನೂ ಅನ್ನಿಸಲೇ ಇಲ್ಲ. ಮೊದಲೆಲ್ಲ ಅಳು ಬರೋದು ಸಿಸ್ಟರ್.”

ಅವಳ ಈ ಸ್ಥಿತಿಗೆ ಒಂದು ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2019ರಲ್ಲಿ ಅಂಗೀಕಾರವಾಯಿತು. ಅದರಲ್ಲಿ ಬರ್ನ್‌ಔಟ್ ಎಂಬುದಕ್ಕೆ ಮೂರು ಗುರುತು ಕೊಟ್ಟಿದ್ದಾರೆ. ತ್ರಾಣ ಸೋರಿಹೋಗುವುದು, ಮಾಡುವ ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ್ದು ಕೈಗೂಡುತ್ತಿಲ್ಲ ಅನ್ನಿಸುವುದು. ನಮ್ಮ ಹೆಂಗಸರು ಇದನ್ನೇ ‘ಸಾಕಾಗಿಹೋಗಿದೆ’ ಎನ್ನುತ್ತಾರೆ. ಅದು ರೋಗವಲ್ಲ, ಕೆಲಸದ ಜಾಗದ ಒತ್ತಡ ಬಹುಕಾಲ ಪರಿಹಾರವಾಗದೆ ಉಳಿದಾಗ ಬರುವ ಸ್ಥಿತಿ ಎಂದು ಸಂಸ್ಥೆ ಹೇಳಿತು. ಹೆಂಗಸಿನ ಮನೋಬಲ ಕಡಿಮೆ ಎನ್ನುವವರ ಬಾಯಿ ಮುಚ್ಚಿಸಲು ಅಷ್ಟು ಒಳ್ಳೆಯದೇ. ಆದರೆ ಈ ಪದವನ್ನು ದುಡಿಮೆಯ ವಿಷಯಕ್ಕೆ ಮಾತ್ರ ಬಳಸಿ, ಬದುಕಿನ ಬೇರೆ ಭಾಗಗಳಿಗೆ ಬೇಡ ಎಂದೂ ಹೇಳಿತು. ನಾನು ಒಪ್ಪದಿರುವುದು ಇಲ್ಲಿ. ಆ ಆಶಾಳ ಕೆಲಸದ ಜಾಗ ಎಲ್ಲಿಂದ ಶುರುವಾಗುತ್ತದೆ? ಫೋನು ಬಂದದ್ದು ಒಲೆಯ ಮುಂದೆ.

ಆಶಾ ವ್ಯವಸ್ಥೆ ಬಂದದ್ದು 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ. ಸಾವಿರ ಜನಕ್ಕೆ ಒಬ್ಬಳು, ಅದೇ ಊರಿನ ಸೊಸೆಯಾದರೆ ಒಳ್ಳೆಯದು ಎಂಬುದು ಲೆಕ್ಕ. ಊರು ಬಿಟ್ಟು ಹೋಗುವುದಿಲ್ಲ, ಬಾಗಿಲು ತಟ್ಟಿದರೆ ಸಿಗುತ್ತಾಳೆ. ಯೋಜನೆ ಗೆದ್ದದ್ದೂ ಇದರಿಂದ, ಅವಳು ದಣಿದದ್ದೂ ಇದರಿಂದ. ಹೆಸರಿಗೆ ಸ್ವಯಂಸೇವಕಿ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು 3ನೇ ದಿನದಿಂದ 42ನೇ ದಿನದೊಳಗೆ ಆರು ಸಲ ಮನೆಗೆ ಹೋಗಿ ನೋಡಿ, ತೂಕ ಹಾಕಿ, ಜ್ವರ ನೋಡಿ, ಬರೆದಿಟ್ಟರೆ ಎಲ್ಲ ಸೇರಿ 250 ರೂಪಾಯಿ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅದೇ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದರು. ತಿಂಗಳಿಗೆ ಹತ್ತು ಸಾವಿರ ಕೈಗೆ ಸಿಗುತ್ತದೆ ಎಂಬ ಭರವಸೆ ಪಡೆಯಲು ಅಹೋರಾತ್ರಿ ಕೂರಬೇಕಾಯಿತು.

ಇನ್ನು ಹೆರಿಗೆ ಸವಲತ್ತಿನ ಕಾಯ್ದೆ ಬಂದದ್ದು 1961ರಲ್ಲಿ. 2017ರ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿತು. ಅದು ನೌಕರರಿಗೆ. ಊರಿನ ಬಸುರಿಯರಿಗೆಲ್ಲ ‘ಭಾರ ಎತ್ತಬೇಡ, ಮಧ್ಯಾಹ್ನ ಮಲಗು’ ಎನ್ನುವವಳು ಆ ಲೆಕ್ಕಕ್ಕೆ ನೌಕರಳಲ್ಲ. ಅದೇ ತಿದ್ದುಪಡಿ 50 ಮಂದಿ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 50 ಮಂದಿ ಎಲ್ಲಿದ್ದಾರೆ? 2023ರಲ್ಲಿ ನಮ್ಮ ಸರ್ಕಾರ ನರೇಗಾ ಕೂಲಿಕಾರರ ಮಕ್ಕಳಿಗೆಂದು ಗ್ರಾಮ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ತೆರೆಯತೊಡಗಿತು. ಒಳ್ಳೆಯ ಕೆಲಸ. ಅದರ ಬಾಗಿಲನ್ನು ಆಶಾ, ನರ್ಸ್, ಡಿ ಗ್ರೂಪ್ ಹೆಂಗಸರ ಮಕ್ಕಳಿಗೂ ತೆಗೆಯಿರಿ, ಡ್ಯೂಟಿಯ ಹೊತ್ತಿಗೆ ತೆಗೆಯಿರಿ ಎಂದು ಈ ವೇದಿಕೆಯಿಂದ ಕೈಮುಗಿದು ಕೇಳುತ್ತೇನೆ.

ನನ್ನದೂ ಒಂದನ್ನು ಹೇಳಿಬಿಡುತ್ತೇನೆ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಹೆರಿಗೆ ವಾರ್ಡು ಒಬ್ಬಳೇ ನೋಡಿಕೊಳ್ಳುತ್ತಿದ್ದ ಕಾಲ. ಮನೆಯಲ್ಲಿ ಮಗನಿಗೆ ಜ್ವರ, ಹಗಲು ನಿದ್ದೆಯಿಲ್ಲ, ಅದು ಸತತ ಐದನೇ ರಾತ್ರಿ. ನೋವಿನಿಂದ ಕೂಗುತ್ತಿದ್ದ ಒಬ್ಬ ಹುಡುಗಿಗೆ ಹೆಣ್ಣು ಆಡಬಾರದ ಮಾತು ಆಡಿದೆ. ಅವಳು ಕೂಗು ನಿಲ್ಲಿಸಿ ನನ್ನ ಮುಖ ನೋಡಿದಳು. ಆ ನೋಟ ಇವತ್ತಿಗೂ ಹೋಗಿಲ್ಲ. ಆ ಹುಡುಗಿ ಎಲ್ಲಿದ್ದರೂ ನನ್ನನ್ನು ಕ್ಷಮಿಸಲಿ. ನಮ್ಮ ದಣಿವಿನ ಪೆಟ್ಟು ತಿನ್ನುವವಳು ಹಾಸಿಗೆಯ ಮೇಲಿರುವ ಇನ್ನೊಬ್ಬ ಹೆಂಗಸು. ಇದನ್ನು ಆಸ್ಪತ್ರೆಗಳ ಆಡಳಿತ ತಿಳಿಯಬೇಕು, ಎರಡನೇ ನರ್ಸನ್ನು ಕೊಡಬೇಕು.

2024ರ ದೇಶದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಮಾಡುವ ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ ಎಂದಿದೆ. ಹೆಚ್ಚುಕಡಿಮೆ ಐದು ಗಂಟೆ. ಇಷ್ಟನ್ನೂ ಹೊತ್ತವಳು ಡ್ಯೂಟಿಗೆ ಹೋದಾಗ ಮನೆ ನಡೆಯುತ್ತಲೇ ಇರುತ್ತದಲ್ಲ, ಹೇಗೆ? ‘ತೂಗಿಸಿಕೊಂಡು ಹೋಗಮ್ಮ’ ಎನ್ನುವವರು ಯಾರೂ ಇದನ್ನು ಕೇಳಿಕೊಂಡದ್ದನ್ನು ನಾನು ಕಾಣೆ.

ನಾನು ಆ ಆಶಾಳನ್ನು ಕೇಳಿದೆ. ಅವತ್ತು ಅರ್ಧಕ್ಕೆ ಬಿಟ್ಟುಹೋದ ಮುದ್ದೆ ಏನಾಯಿತು? ಅತ್ತೆಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲಲಾರರು.

“ಮಗಳು ತೊಳಸಿದ್ಲು ಸಿಸ್ಟರ್. ಏಳನೇ ಕ್ಲಾಸು. ಯೂನಿಫಾರ್ಮ್ ಹಾಕ್ಕೊಂಡು ಬ್ಯಾಗ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ಲು. ನನ್ನ ಕೈಯಿಂದ ಕೋಲು ಅವಳೇ ಇಸ್ಕೊಂಡ್ಲು.”